ಒಂದೇ ಘಾಟಿ, ಮೂರು ಬಾಡಿಗೆ ಕೂಪೆ: ಮೂಗು ಯಾಕೆ ಹೊರಗೆ ಓಡುತ್ತೆ, ಬಾಲ ಯಾಕೆ ಅಲ್ಲಾಡುತ್ತೆ

ಡಿಸೆಂಬರಲ್ಲಿ ಒಂದು ಶನಿವಾರ ಬೆಳಗ್ಗೆ ಪುಣೆಯಿಂದ ತಾಮ್ಹಿಣಿ ಘಾಟಿಗೆ ಬಾಡಿಗೆಗೆ ಫೋರ್ಡ್ ಮಸ್ಟಾಂಗ್ ಅನ್ನೋ ಸ್ಪೋರ್ಟ್ಸ್ ಕಾರ್ ತಗೊಂಡು ಹೊರಟಿದ್ವಿ. ಮುಳಶಿ ಡ್ಯಾಮಿನ ಹಿನ್ನೀರು ಮುಗಿದು ತಿರುವುಗಳು ಶುರುವಾದ್ಮೇಲೆ ನಮ್ಮ ಮುಂದೆ ಒಂದು ಹಳೇ ಸ್ವಿಫ್ಟ್ ಸಿಕ್ತು, ಲೋಕಲ್ ಹುಡುಗ ಯಾರೋ ಓಡಿಸ್ತಿದ್ದ, ಹಿಂದಿನ ಸೀಟಲ್ಲಿ ತರಕಾರಿ ಮೂಟೆ ಬೇರೆ. ಒಂದೊಂದು ತಿರುವಿಗೂ ಅವನು ನಮ್ಮಿಂದ ದೂರ ದೂರ ಆಗ್ತಾ ಹೋದ. ಪಕ್ಕದಲ್ಲಿ ಕೂತಿದ್ದ ನಮ್ಮ ಬೆಳಗಾವಿ ದೋಸ್ತ್ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಶುರು ಮಾಡಿದ: "ಲೇ, ನಾಕ್‌ನೂರ್ ಕುದುರಿ ಕಟ್ಟೇತಿ ಅಂದಿ, ಆ ಕಾಯಿಪಲ್ಲೆ ಗಾಡಿ ಹೆಂಗ್ ಹೊಂಟ್ಹೋತು ನೋಡಲ್ಲಿ."

ಅವನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕ್ತಾ ಅದೇ ರಸ್ತೆಗೆ ಆಮೇಲೆ ಆಡಿ ಟಿಟಿ ತಗೊಂಡು ಹೋದೆ, ಕೊನೆಗೆ ಮುಂಬೈಯಿಂದ ಒಂದು ದಿನದ ಮಟ್ಟಿಗೆ ಪೋರ್ಷೆ 718 ಕೇಮನ್ ಕೂಡ ತಂದೆ (ಆ ತಿಂಗಳು ಮನೇಲಿ ಏನು ಹೇಳಿದೆ ಅಂತ ಕೇಳ್ಬೇಡಿ). ಮೂರೂ ಕೂಪೆ, ಮೂರಕ್ಕೂ ಎರಡೇ ಬಾಗಿಲು, ಮೂರೂ ನೆಲಕ್ಕೆ ಅಂಟ್ಕೊಂಡ ಹಾಗೆ ಕೂತಿರೋ ಗಾಡಿಗಳು. ಆದ್ರೆ ಘಾಟಿ ಮೇಲೆ ಮೂರೂ ಮೂರು ಥರದ ಪ್ರಾಣಿ. ಯಾಕೆ ಹಾಗೆ ಅನ್ನೋದನ್ನ ಇಂಜಿನಿಯರಿಂಗ್ ಪುಸ್ತಕ ಪಕ್ಕಕ್ಕಿಟ್ಟು ಹೇಳೋಕೆ ನೋಡ್ತೀನಿ.

ಮೊದಲು ಆ ಸ್ವಿಫ್ಟ್ ವಿಷಯ ಮುಗಿಸೋಣ. ತಿರುವಲ್ಲಿ ಕಾರನ್ನ ಹೊರಗೆ ಹೋಗದೆ ಹಿಡ್ಕೊಂಡಿರೋದು ಟೈರು ಮತ್ತು ರಸ್ತೆ ನಡುವಿನ ಹಿಡಿತ, ಅಷ್ಟೇ. ಎಷ್ಟು ಹಿಡಿತ ಬೇಕಾಗುತ್ತೆ ಅನ್ನೋದು ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಸ್ಪೀಡ್ ಡಬಲ್ ಆದ್ರೆ ನಾಲ್ಕು ಪಟ್ಟು. 15 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್, ಅಂದ್ರೆ ಯು ಆಕಾರದ ತಿರುವು ಅಂದ್ಕೊಳ್ಳಿ. ಗಂಟೆಗೆ 30 ಕಿ.ಮೀ.ನಲ್ಲಿ ತಿರುಗಿದ್ರೆ ಕಾರಿನ ತೂಕದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಬಲ ಸಾಕು, 0.47 ಜಿ ಬರುತ್ತೆ (1 ಜಿ ಅಂದ್ರೆ ಕಾರಿನ ತೂಕದಷ್ಟೇ ಬಲ). 40ರಲ್ಲಿ ತಿರುಗಿದ್ರೆ 0.84 ಜಿ, 45 ಆದ್ರೆ 1 ಜಿ ದಾಟುತ್ತೆ. ಒಣ ರಸ್ತೆ ಮೇಲೆ ಒಳ್ಳೇ ಟೈರ್ ಕೊಡೋದೇ ಹೆಚ್ಚು ಕಡಿಮೆ 1 ಜಿ. ಅಂದ್ರೆ ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ತಗೊಂಡ ಕಾರಿಗೂ ತರಕಾರಿ ಸ್ವಿಫ್ಟಿಗೂ ಆ ತಿರುವಲ್ಲಿ ಇರೋ ವ್ಯತ್ಯಾಸ ಐದೋ ಎಂಟೋ ಕಿ.ಮೀ. ಮಾತ್ರ, ಅದನ್ನೂ ಎದುರಿಂದ ಎಸ್‌ಟಿ ಬಸ್ ಬರಬಹುದಾದ ರಸ್ತೆಯಲ್ಲಿ ತಲೆ ಸರಿ ಇರೋರು ಯಾರೂ ಬಳಸಲ್ಲ. ಇನ್ನು ಆ ಹುಡುಗನಿಗೆ ರಸ್ತೆ ಬಾಯಿಪಾಠ, ಅವನ ಗಾಡಿ 900 ಕೆ.ಜಿ. ಆಸುಪಾಸು. ನಮ್ಮದು 1,700ರ ಮೇಲೆ, ಅಗಲ ಕನ್ನಡಿ ಬಿಟ್ಟೇ 1.9 ಮೀಟರ್, ಜೊತೆಗೆ ಡೆಪಾಸಿಟ್ ಕಟ್ಟಿರೋ ಭಯ.

ಹಾಗಾದ್ರೆ ಸ್ಪೋರ್ಟ್ಸ್ ಕಾರಲ್ಲಿ ಸಿಗೋ ಮಜಾ ಏನು? ವೇಗ ಅಲ್ಲ. ಅದೇ 30-40 ಕಿ.ಮೀ. ಸ್ಪೀಡಲ್ಲಿ ಕಾರು ನಿಮ್ಮ ಕೈಗೆ, ಬೆನ್ನಿಗೆ ಏನು ಹೇಳುತ್ತೆ ಅನ್ನೋದು. ಅದನ್ನ ತೀರ್ಮಾನ ಮಾಡೋದು ಎರಡು ವಿಷಯ: ಭಾರ ಎಲ್ಲಿದೆ, ಮತ್ತೆ ಯಾವ ಚಕ್ರ ತಳ್ಳುತ್ತೆ.

ನಾನು ತೀರ್ಥಹಳ್ಳಿ ಕಡೆಯವನು. ಅಜ್ಜನ ಮನೇಲಿ ಗಾಡಿಗೆ ಗೊಬ್ಬರ ಹೇರೋವಾಗ ಮೊದಲು ನೋಡ್ತಿದ್ದಿದ್ದು ಮುಂಭಾರ ಆಯ್ತಾ, ಹಿಂಭಾರ ಆಯ್ತಾ ಅಂತ. ಮುಂಭಾರ ಆದ್ರೆ ಎತ್ತಿನ ಹೆಗಲು ಹರಿಯುತ್ತೆ, ಹಿಂಭಾರ ಆದ್ರೆ ನೊಗ ಮೇಲೇಳುತ್ತೆ. ಕಾರಿಗೂ ಇದೇ ಲೆಕ್ಕ, ಒಂದು ವ್ಯತ್ಯಾಸ ಬಿಟ್ರೆ: ಕಾರಲ್ಲಿ ಭಾರ ನಿಂತಲ್ಲಿ ನಿಲ್ಲಲ್ಲ. ಬ್ರೇಕ್ ಒತ್ತಿದ್ರೆ ಮುಂದಿನ ಚಕ್ರಗಳ ಮೇಲೆ ಜರುಗುತ್ತೆ, ಆಕ್ಸಿಲರೇಟರ್ ಕೊಟ್ರೆ ಹಿಂದಕ್ಕೆ ಕೂರುತ್ತೆ, ತಿರುಗಿಸಿದ್ರೆ ತಿರುವಿನ ಹೊರಗಿನ ಬದಿಗೆ ವಾಲುತ್ತೆ. ಘಾಟಿ ಇಳಿಯೋವಾಗ ಇಳಿಜಾರೇ ಒಂದಷ್ಟು ಭಾರನ ಮುಂದಕ್ಕೆ ತಳ್ಳಿರುತ್ತೆ, ಅದಕ್ಕೇ ಒಂದೇ ತಿರುವು ಹತ್ತೋವಾಗ ಒಂಥರಾ, ಇಳಿಯೋವಾಗ ಇನ್ನೊಂಥರಾ ಇರುತ್ತೆ.

ಇನ್ನೊಂದು ಮಾತು. ಟೈರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ, ಬರೋದು ಇಷ್ಟೇ ಅಂತ ಗೊತ್ತಿರುತ್ತೆ. ಬ್ರೇಕಿಗೆ ಪೂರ್ತಿ ಖರ್ಚು ಮಾಡ್ಬಿಟ್ರೆ ತಿರುಗೋಕೆ ಏನೂ ಉಳಿಯಲ್ಲ. ಮುಂದಿನ ಚಕ್ರದ ಸಂಬಳ ಮೊದಲು ಮುಗಿದ್ರೆ ಮೂಗು ಹೊರಗೆ ಓಡುತ್ತೆ, ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಕಾರು ನೆಟ್ಟಗೇ ಹೋಗ್ತಿರುತ್ತೆ, ಅದು ಅಂಡರ್‌ಸ್ಟಿಯರ್. ಹಿಂದಿನದು ಮೊದಲು ಮುಗಿದ್ರೆ ಬಾಲ ಹೊರಗೆ ಜಾರುತ್ತೆ, ಅದು ಓವರ್‌ಸ್ಟಿಯರ್. ಎಲ್ಲಾ ಕಾರಲ್ಲೂ ಎರಡೂ ಆಗಬಹುದು, ಯಾವುದು ಯಾವಾಗ ಮೊದಲು ಆಗುತ್ತೆ ಅನ್ನೋದೇ ಆ ಕಾರಿನ ಸ್ವಭಾವ.

ಮಸ್ಟಾಂಗ್ ಜಿಟಿ. ಭಾರತಕ್ಕೆ 2016ರಲ್ಲಿ ಬಂತು, 5 ಲೀಟರ್ ವಿ8 (ಎಂಟು ಸಿಲಿಂಡರ್), 515 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸೋ ಬಲ), ಇಂಜಿನ್ ಮುಂದೆ, ತಳ್ಳೋದು ಹಿಂದಿನ ಚಕ್ರ. ತೂಕದಲ್ಲಿ ಸುಮಾರು 53-54 ಪರ್ಸೆಂಟ್ ಮುಂದೆ, ಉಳಿದಿದ್ದು ಹಿಂದೆ, ಕಾಗದದ ಮೇಲೆ ಪರವಾಗಿಲ್ಲ. ಆದ್ರೆ ಓಡಿಸೋವಾಗ ಮೊದಲು ಅನಿಸೋದು ಕಾರಿನ ಗಾತ್ರ. ಬ್ರೇಕ್ ಒತ್ತಿದ್ರೆ ಆ ಉದ್ದ ಮೂಗು ಬಗ್ಗುತ್ತೆ, ತಿರುಗಿಸಿದ್ರೆ ಅರ್ಧ ಸೆಕೆಂಡ್ ಯೋಚನೆ ಮಾಡಿ ವಾಲುತ್ತೆ, ವಾಲಿ ಕೂತ್ಮೇಲೆ ಗಟ್ಟಿ. ಮದುವೆ ಮನೇಲಿ ದೊಡ್ಡ ಮಾವನ್ನ ಫೋಟೋಗೆ ಕರ್ಕೊಂಡು ಬಂದ ಹಾಗೆ, ಬರ್ತಾರೆ, ಆದ್ರೆ ಅವರ ಟೈಮಿಗೆ. ನಿಜವಾದ ಸ್ವಭಾವ ಗೊತ್ತಾಗೋದು ತಿರುವಿಂದ ಹೊರಗೆ ಬರೋವಾಗ. ಎರಡನೇ ಗೇರಲ್ಲಿ ಸ್ಟೀರಿಂಗ್ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ನಾನು ಕಾಲು ಸ್ವಲ್ಪ ಧಾರಾಳ ಮಾಡಿದೆ, ಡ್ಯಾಶ್‌ಬೋರ್ಡಲ್ಲಿ ಚಕ್ರ ಜಾರ್ತಿದೆ ಅಂತ ಹೇಳೋ ಟ್ರ್ಯಾಕ್ಷನ್ ಲೈಟ್ ಮಿಣಮಿಣ ಅಂತು, ಸೊಂಟದ ಹಿಂದೆ ಯಾರೋ ಸೀಟನ್ನ ಒಂದು ಗೇಣು ಪಕ್ಕಕ್ಕೆ ಎಳೆದ ಹಾಗಾಯ್ತು, ಆಮೇಲೆ ಕಂಪ್ಯೂಟರ್ ಪವರ್ ಕಡಿತ ಮಾಡಿ ಎಲ್ಲ ಸರಿ ಮಾಡ್ತು. ಇಡೀ ಘಟನೆ ಒಂದು ಸೆಕೆಂಡ್. ದೋಸ್ತ್ ಮಾತೇ ಆಡಲಿಲ್ಲ, ಮೇಲಿನ ಹಿಡಿಕೆ ಹಿಡ್ಕೊಂಡಿದ್ದ. ಹಿಂದಿನ ಚಕ್ರಕ್ಕೆ ತಿರುಗೋ ಕೆಲಸ ಇನ್ನೂ ಬಾಕಿ ಇರೋವಾಗಲೇ ತಳ್ಳೋ ಕೆಲಸನೂ ಹೇರಿದೆ, ಸಂಬಳ ಸಾಲಲಿಲ್ಲ. ಬಾಡಿಗೆ ಕಾರಲ್ಲಿ ಈ ಕಂಪ್ಯೂಟರ್ ಸಹಾಯನ ಆಫ್ ಮಾಡೋ ಸ್ಟೆಬಿಲಿಟಿ ಬಟನ್ ಮುಟ್ಟಬೇಡಿ ದಯವಿಟ್ಟು.

ಮಸ್ಟಾಂಗಿನ ಹಿಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಒಂದೊಂದು ಚಕ್ರ ತನ್ನಷ್ಟಕ್ಕೆ ತಾನು ಏರಿಳಿಯೋ ಏರ್ಪಾಡು) ಎಲ್ಲಾ ಮಾಡೆಲ್‌ಗಳಿಗೂ ಬಂದಿದ್ದು 2015ರ ತಲೆಮಾರಿಂದ, ಅದಕ್ಕೂ ಮುಂಚೆ ಕೆಲವು ವಿಶೇಷ ಮಾಡೆಲ್ ಬಿಟ್ರೆ ಲಾರಿ ಥರ ಒಂದೇ ಅಡ್ಡ ಆಕ್ಸಲ್. ಆ ಹಳೇದರಲ್ಲಿ ಒಂದು ಚಕ್ರ ಗುಂಡಿಗೆ ಬಿದ್ರೆ ಇನ್ನೊಂದೂ ನೋವು ಪಡ್ತಿತ್ತು, ತಿರುವಿನ ನಡುವೆ ಗುಂಡಿ ಸಿಕ್ಕಿದ್ರೆ ಬಾಲ ಕುಣಿಯೋದು. ನಾವು ಓಡಿಸಿದ್ದರಲ್ಲಿ ಆ ಸಮಸ್ಯೆ ಇರಲಿಲ್ಲ. ಪಿರಂಗುಟ್ ದಾಟೋವರೆಗೆ ಸ್ಪೀಡ್ ಬ್ರೇಕರುಗಳಲ್ಲಿ ಹೊಟ್ಟೆ ಕೆಳಗೆ ಕರ್ ಅಂದಿದ್ದು ಮಾತ್ರ ಈಗಲೂ ಕಿವೀಲಿದೆ.

ಈಗ ಟಿಟಿ, ಇದರ ಕಥೆ ಉದ್ದ. ಜುಲೈ, ತಾಮ್ಹಿಣಿ ಅಂದ್ರೆ ಆಗುಂಬೆ ಥರ ಮಳೆ, ಮಂಜು, ರಸ್ತೆ ಪಕ್ಕದಲ್ಲೆಲ್ಲ ಭುಟ್ಟಾ ಅಂಗಡಿ, ಅರ್ಧ ಪುಣೆ ಅಲ್ಲೇ ನೆನೀತಾ ನಿಂತಿರುತ್ತೆ. ಕ್ವಾಟ್ರೋ ಇದೆ, ನಾಲ್ಕೂ ಚಕ್ರಕ್ಕೆ ಪವರ್, ಮಳೆಗೆ ಇದೇ ಸರಿ ಅಂತ ತಗೊಂಡಿದ್ದೆ. 2 ಲೀಟರ್ ಟರ್ಬೋ, 230 ಪಿಎಸ್ (ಅಂದ್ರೆ ಕುದುರೆ ಶಕ್ತಿ), 370 ಎನ್‌ಎಂ ಟಾರ್ಕ್ 1,600 ಆರ್‌ಪಿಎಂನಿಂದಲೇ ಸಿಗುತ್ತೆ, ಮಸ್ಟಾಂಗಿಗಿಂತ ಮುನ್ನೂರು ಕೆ.ಜಿ.ಗೂ ಮೀರಿ ಹಗುರ. ಘಾಟಿ ಹತ್ತೋವಾಗ ಸ್ವರ್ಗ. ಹೇರ್‌ಪಿನ್ ಅರ್ಧ ದಾಟಿದ ಕೂಡಲೇ ಕಾಲು ಕೊಟ್ರೆ ಒದ್ದೆ ರಸ್ತೆ ಮೇಲೂ ನಾಲ್ಕು ಚಕ್ರ ಸೇರಿ ಎಳ್ಕೊಂಡು ಹೋಗುತ್ತೆ, ಮಸ್ಟಾಂಗ್ ಲೈಟ್ ಮಿಣುಕಿಸೋ ಜಾಗದಲ್ಲಿ ಇದು ಸದ್ದಿಲ್ದೆ ಹೋಗಿರುತ್ತೆ.

ಇಳಿಯೋವಾಗ ಕಲಿತೆ ಪಾಠ. ಒಂದು ಬಲ ತಿರುವು, ಸ್ಪೀಡ್ 35 ಇರಬಹುದು, ತಿರುಗಿಸಿದೆ, ಕಾರು ತಿರುಗಲಿಲ್ಲ. ಅಂದ್ರೆ ತಿರುಗ್ತು, ನಾನು ಕೇಳಿದಷ್ಟಲ್ಲ. ಎಡಗಡೆ ಮುಂದಿನ ಚಕ್ರ ಅಂಚಿನ ಬಿಳಿ ಗೆರೆ ಮೇಲೆ ಹತ್ತಿ, ಪಕ್ಕದ ಚರಂಡಿ ನೀರು ಚರ್ ಅಂತ ಬಾಗಿಲಿಗೆ ಹಾರಿತು. ಭಯದಲ್ಲಿ ಇನ್ನೂ ಜಾಸ್ತಿ ತಿರುಗಿಸಿದೆ, ಅದು ತಪ್ಪು, ಆಗಲೇ ಸಂಬಳ ಮುಗಿದಿರೋ ಚಕ್ರದ ಹತ್ರ ಸಾಲ ಕೇಳಿದ ಹಾಗೆ. ಕಾಲು ತೆಗೆದು, ಸ್ಟೀರಿಂಗ್ ಒಂಚೂರು ವಾಪಸ್ ನೆಟ್ಟಗೆ ಮಾಡಿದ್ಮೇಲೆ ಮೂಗು ಒಳಗೆ ಬಂತು.

ಯಾಕೆ ಹೀಗಾಯ್ತು ಅಂದ್ರೆ, ಟಿಟಿಯಲ್ಲಿ ಇಂಜಿನ್ ಮುಂದೆ ಅಡ್ಡಲಾಗಿ ಕೂತಿದೆ, ತೂಕದಲ್ಲಿ ಹೆಚ್ಚು ಕಡಿಮೆ 60 ಪರ್ಸೆಂಟ್ ಮುಂದಿನ ಚಕ್ರದ ಮೇಲೆ, ಅಜ್ಜನ ಭಾಷೇಲಿ ಪಕ್ಕಾ ಮುಂಭಾರ. ಪವರ್ ಮೂಲತಃ ಮುಂದಿನ ಚಕ್ರಕ್ಕೆ, ಹಿಂದಿನ ಆಕ್ಸಲ್ ಹತ್ರ ಇರೋ ಹಾಲ್ಡೆಕ್ಸ್ ಕ್ಲಚ್ ಬಿಗಿಯಾದಾಗ ಅಷ್ಟಷ್ಟು ಹಿಂದಕ್ಕೂ ಹೋಗುತ್ತೆ. ಇಲ್ಲಿ ತುಂಬಾ ಜನ ಮೋಸ ಹೋಗೋ ಜಾಗ ಇದೆ. ನಾಲ್ಕು ಚಕ್ರಕ್ಕೆ ಪವರ್ ಇರೋದು ಉಪಯೋಗಕ್ಕೆ ಬರೋದು ಕಾಲು ಕೊಡೋವಾಗ ಮಾತ್ರ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಚಕ್ರದಲ್ಲೇ ಇರುತ್ತೆ, ಅದರಲ್ಲಿ ಕ್ವಾಟ್ರೋ ಹೆಚ್ಚುಗಾರಿಕೆ ಏನಿಲ್ಲ. ಕಾಲು ತೆಗೆದು ತಿರುವಿನೊಳಗೆ ನುಗ್ಗೋವಾಗ ಅದು ಮುಂಭಾರದ ಇನ್ನೊಂದು ಕಾರು ಅಷ್ಟೇ. ಹತ್ತೋವಾಗ ಬಂದ ಧೈರ್ಯ ಇಳಿಯೋವಾಗಲೂ ಉಳಿದುಬಿಡುತ್ತಲ್ಲ, ಅದೇ ಅಪಾಯ.

ಆದ್ರೆ ತಡೀರಿ, ಪೂರ್ತಿ ತಪ್ಪು ಟಿಟಿ ಮೇಲೆ ಹಾಕೋಕೂ ಆಗಲ್ಲ. ಕೆಳಗೆ ಇಳಿದು ಟಪರಿಯಲ್ಲಿ ಚಹಾ ಕುಡೀತಾ ಟೈರ್ ನೋಡಿದೆ (ಮೊದಲೇ ನೋಡಬೇಕಿತ್ತು, ಗೊತ್ತು). ಪ್ರತಿ ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಆಮೇಲಿಂದು ವರ್ಷ. ಹಿಂದಿನ ಎರಡು ಟೈರ್ ಹೊಸದು. ಮುಂದಿನ ಎರಡರ ಮೇಲೆ 4217, ಅಂದ್ರೆ 2017ರ 42ನೇ ವಾರ. ಟೈರಿನ ಗೀರುಗಳ ಒಳಗೆ ರಬ್ಬರ್ ಕಟ್ಟೆ ಥರ ಇರುತ್ತಲ್ಲ, ಸವೆತದ ಗುರುತು, ಅದು ಮೇಲ್ಮೈಗೆ ಬಂದ್ರೆ 1.6 ಮಿ.ಮೀ. ಮಾತ್ರ ಉಳಿದಿದೆ ಅಂತ ಅರ್ಥ, ಕಾನೂನಿನ ಕನಿಷ್ಠ ಅದು. ಇದರಲ್ಲಿ ಆ ಕಟ್ಟೆಗೆ ಕೂದಲೆಳೆ ಬಾಕಿ ಇತ್ತು. ಬಾಡಿಗೆಯವನಿಗೆ ಫೋನ್ ಮಾಡಿದ್ರೆ "ಟಾಯರ್ ಏಕದಮ್ ಮಸ್ತ ಆಹೇತ್ ಸರ್" ಅಂದ. ಮಸ್ತ ಅಂತೆ. ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತೆ, ಗೀರು ಸವೆದ್ರೆ ನೀರು ಹೊರಗೆ ಹೋಗೋಕೆ ದಾರಿ ಇಲ್ಲ, ಮುಂದಿನ ಚಕ್ರದ ಸಂಬಳ ಅರ್ಧಕ್ಕೆ ಇಳಿದಿತ್ತು, ಹಿಂದಿನದಕ್ಕೆ ಬೋನಸ್ ಸಿಕ್ಕಿತ್ತು. ಮೊದಲೇ ಮೂಗು ಓಡಿಸೋ ಸ್ವಭಾವದ ಕಾರಿಗೆ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ಅದಕ್ಕೇ ಬಾಡಿಗೆ ಕಾರುಗಳನ್ನ ಓಡಿಸಿ "ಇದು ಚೆನ್ನಾಗಿದೆ, ಅದು ಡಬ್ಬಾ" ಅನ್ನೋರ ಮಾತನ್ನ ನಾನು ಅರ್ಧಕ್ಕೆ ತಗೊಳ್ತೀನಿ, ನನ್ನ ಮಾತನ್ನೂ ಸೇರಿಸಿ. ಹೋಲಿಸ್ತಿರೋದು ಕಾರನ್ನೋ ಟೈರನ್ನೋ ಗೊತ್ತಾಗಲ್ಲ. ಬೇರೆ ಮಾಡೋಕೆ ಒಂದು ಸುಲಭ ದಾರಿ ಇದೆ. ಕಾರಿನ ವಿನ್ಯಾಸದ ಗುಣ ಒಂದು ನಿರ್ದಿಷ್ಟ ಹಂತದಲ್ಲಿ ಕಾಣುತ್ತೆ, ಮಸ್ಟಾಂಗಿಗೆ ತಿರುವಿನ ಕೊನೇಲಿ, ಟಿಟಿಗೆ ತಿರುವಿನ ಬಾಗಿಲಲ್ಲಿ. ಟೈರ್ ಕೆಟ್ಟಿದ್ರೆ ಎಲ್ಲಾ ಹಂತದಲ್ಲೂ ಕಾಣುತ್ತೆ, ನೆಟ್ಟಗೆ ಹೋಗಿ ಬ್ರೇಕ್ ಹಾಕಿದ್ರೂ ಸಹ. ಹಿಂದೆ ಯಾರೂ ಇಲ್ಲದ ನೆಟ್ಟಗಿನ ಖಾಲಿ ರಸ್ತೆ ನೋಡ್ಕೊಂಡು 40ರಲ್ಲಿ ಒಂದ್ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಒಣ ರಸ್ತೆಯಲ್ಲೇ ಕಾಲ ಕೆಳಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಬೇಗ ಟಕಟಕ ಅಂದ್ರೆ ಆ ಟೈರಲ್ಲಿ ಘಾಟಿಗೆ ಹೋಗಬೇಡಿ, ಕಾರು ಯಾವ ಕಂಪನಿದೇ ಆಗಿರಲಿ.

ಕೇಮನ್. ಇದನ್ನ ಫೆಬ್ರವರಿಯಲ್ಲಿ ತಂದೆ, ಎರಡೇ ಸೀಟು, ಯಾರು ಪಕ್ಕ ಕೂರೋದು ಅಂತ ಚೀಟಿ ಎತ್ತಿ ಬೆಳಗಾವಿಯವನೇ ಗೆದ್ದ. ಟೈರ್ ಮೊದಲೇ ನೋಡ್ಕೊಂಡಿದ್ದೆ, ಚೆನ್ನಾಗಿದ್ವು. 2 ಲೀಟರ್ ನಾಲ್ಕು ಸಿಲಿಂಡರ್ ಟರ್ಬೋ, 300 ಪಿಎಸ್, ಅಂದ್ರೆ ಮಸ್ಟಾಂಗಿಗಿಂತ ನೂರು ಕಮ್ಮಿ. ಇಂಜಿನ್ ಇರೋದು ಸೀಟಿನ ಬೆನ್ನಿಗೆ, ಹಿಂದಿನ ಆಕ್ಸಲಿಗೆ ಮುಂಚೆ. ಸುಮಾರು 45 ಪರ್ಸೆಂಟ್ ತೂಕ ಮುಂದೆ, 55 ಹಿಂದೆ.

ಹೀಗೆ ನಡುವೆ ಇಂಜಿನ್ ಇಟ್ರೆ ಏನಾಗುತ್ತೆ? ಹೆಗಲ ಮೇಲೆ ಮೆಣಸು ಕುಯ್ಯೋ ಉದ್ದ ಏಣಿ ಹೊತ್ಕೊಂಡು ಅಂಗಳದಲ್ಲಿ ತಿರುಗಿ ನೋಡಿ. ತಿರುಗಿಸೋಕೂ ಕಷ್ಟ, ತಿರುಗೋಕೆ ಶುರುವಾದ್ಮೇಲೆ ನಿಲ್ಲಿಸೋಕೂ ಕಷ್ಟ, ಹಿಂದಿನ ತುದಿ ಯಾರದ್ದಾದ್ರೂ ತಲೆಗೆ ಬಡಿಯುತ್ತೆ. ಅಷ್ಟೇ ತೂಕದ ತೆಂಗಿನಕಾಯಿ ಚೀಲನ ಎದೆಗೆ ಅವಚ್ಕೊಂಡು ತಿರುಗಿ, ಬುಗುರಿ ಥರ ತಿರುಗಬಹುದು. ತೂಕ ಅದೇ, ಇರೋ ಜಾಗ ಬೇರೆ. ಕೇಮನ್ ಎರಡನೇದು. ಸ್ಟೀರಿಂಗ್ ತಿರುಗಿಸೋದಕ್ಕೂ ಕಾರು ತಿರುಗೋದಕ್ಕೂ ನಡುವೆ ಸಂದೇ ಇಲ್ಲ, ಹೇರ್‌ಪಿನ್ನಲ್ಲಿ ಕಾರು ನನ್ನ ಸೊಂಟದ ಸುತ್ತ ತಿರುಗಿದ ಹಾಗೆ ಅನಿಸ್ತು. ಹೊರಗೆ ಬರೋವಾಗಲೂ ಹಿಂದಿನ ಅಗಲ ಟೈರಿನ ಮೇಲೆ ಇಂಜಿನ್ನಿನ ಭಾರ ಇರೋದ್ರಿಂದ ಹಿಂದಿನ ಚಕ್ರದ ಪವರ್ ಪೋಲಾಗಲ್ಲ. 32-33 ಕಿ.ಮೀ.ನಲ್ಲಿ ಹೋಗ್ತಿದ್ರೂ ಬಾಯಿ ಕಿವಿವರೆಗೂ ಹಿಗ್ಗಿತ್ತು ನಂಗೆ.

ದೋಷ ಇಲ್ವಾ? ಇದೆ. ಬುಗುರಿ ಥರ ತಿರುಗೋ ವಸ್ತು ಹಿಡಿತ ತಪ್ಪಿದ್ರೂ ಬುಗುರಿ ಥರಾನೇ ತಿರುಗುತ್ತೆ, ಮಸ್ಟಾಂಗ್ ಕೊಡೋವಷ್ಟು ಮುನ್ಸೂಚನೆ ಟೈಮ್ ಇದರಲ್ಲಿಲ್ಲ. ತಿರುವಿನ ನಡುವೆ ಗಾಬರಿ ಬಿದ್ದು ಕಾಲು ಥಟ್ ಅಂತ ತೆಗೆದ್ರೆ ಭಾರ ಮುಂದಕ್ಕೆ ಜರುಗಿ ಹಿಂದೆ ಹಗುರ ಆಗುತ್ತೆ, ಇಂಥ ಕಾರಲ್ಲಿ ಅದು ಕೆಟ್ಟ ಅಭ್ಯಾಸ. ಸದ್ದು ಬೇರೆ ಸಪ್ಪೆ. ಆ ವಿ8 ಗುಡುಗು ಕೇಳಿದ ಕಿವಿಗೆ ಇದು ಹೊಲಿಗೆ ಮಿಷನ್. 2016ರಲ್ಲಿ ಆರು ಸಿಲಿಂಡರ್ ಬಿಟ್ಟು ನಾಲ್ಕಕ್ಕೆ ಇಳಿದಾಗ ಅಭಿಮಾನಿಗಳು ಬೈದಿದ್ದು ಸುಮ್ನೆ ಅಲ್ಲ.

ಸ್ಟೀರಿಂಗ್ ಬಗ್ಗೆ ಒಂದೇ ಮಾತು: ಮೂರರಲ್ಲೂ ಎಲೆಕ್ಟ್ರಿಕ್ ಅಸಿಸ್ಟ್, ಅಂದ್ರೆ ತಿರುಗಿಸೋಕೆ ಮೋಟರ್ ಸಹಾಯ ಮಾಡುತ್ತೆ. ಮಸ್ಟಾಂಗಲ್ಲಿ ಸ್ಪೋರ್ಟ್ ಮೋಡ್ ಹಾಕಿದ್ರೆ ಸ್ಟೀರಿಂಗ್ ಭಾರ ಆಗುತ್ತೆ, ರಸ್ತೆ ಸುದ್ದಿ ಏನೂ ಜಾಸ್ತಿ ಬರಲ್ಲ. ಭಾರ ಇದ್ದಿದ್ದೆಲ್ಲ ಮಾತಾಡಲ್ಲ.

ಬ್ರೇಕ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಘಾಟಿ ಇಳಿಯೋದು ಅಂದ್ರೆ ಅಸಲಿಗೆ ಬಿಸಿಯ ಲೆಕ್ಕ. ಇಬ್ಬರು ಕೂತ ಮಸ್ಟಾಂಗ್ 1,900 ಕೆ.ಜಿ. ಅಂತಿಟ್ಕೊಳ್ಳಿ, 500 ಮೀಟರ್ ಕೆಳಗೆ ಇಳಿದ್ರೆ ಆ ಎತ್ತರದ ಶಕ್ತಿ ಎಲ್ಲೋ ಖರ್ಚಾಗಬೇಕಲ್ಲ. ಲೆಕ್ಕ ಹಾಕಿದ್ರೆ ಸುಮಾರು 28 ಲೀಟರ್ ತಣ್ಣೀರು ಕುದಿ ಬರಿಸೋವಷ್ಟು ಬಿಸಿ, ನಮ್ಮೂರಲ್ಲಿ ಹಂಡೆಗೆ ಬೆಂಕಿ ಹಾಕಿ ಒಬ್ಬರು ಆರಾಮಾಗಿ ಸ್ನಾನ ಮಾಡೋವಷ್ಟು. ಒಂದಷ್ಟನ್ನ ಗಾಳಿ, ಇಂಜಿನ್ ತಗೊಳ್ಳುತ್ತೆ, ಗೇರ್ ಡಿ ಅಲ್ಲೇ ಬಿಟ್ಟು ಬರೀ ಬ್ರೇಕ್ ಒತ್ತುತ್ತಾ ಇಳಿದ್ರೆ ಹೆಚ್ಚಿನದೆಲ್ಲ ನಾಲ್ಕು ಡಿಸ್ಕಿಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ: ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಹೀರಿದ್ಮೇಲೆ ಅದು 155 ಡಿಗ್ರಿ. ಕುದ್ರೆ ಪೈಪಲ್ಲಿ ಗುಳ್ಳೆ, ಪೆಡಲ್ ಸ್ಪಂಜಾಗಿ ಒಳಗೆ ಹೋಗುತ್ತೆ. ಬಾಡಿಗೆ ಗಾಡಿಯ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದ್ರೆ ಮೂವರಲ್ಲಿ ಒಬ್ಬನೂ ಹೇಳಲಿಲ್ಲ ನಂಗೆ. ಅದಕ್ಕೇ ಇಳಿಯೋವಾಗ ಸ್ಟೀರಿಂಗ್ ಹಿಂದಿರೋ ಗೇರ್ ಬದಲಾಯಿಸೋ ಪ್ಯಾಡಲ್ ಒತ್ತಿ ಎರಡೋ ಮೂರೋ ಗೇರಲ್ಲಿ ಇಂಜಿನ್ನಿಗೇ ಹಿಡ್ಕೊಳ್ಳೋಕೆ ಬಿಡಿ, ಬ್ರೇಕ್ ಒತ್ತಿದ್ರೆ ಗಟ್ಟಿಯಾಗಿ ಒತ್ತಿ ಬಿಟ್ಬಿಡಿ, ಪೆಡಲ್ ಮೇಲೆ ಕಾಲು ಇಟ್ಕೊಂಡೇ ಇರಬೇಡಿ. ಮಸ್ಟಾಂಗಲ್ಲಿ ಮೊದಲ ಸಲ ಇಳಿದಾಗ ನಾನು ಇದನ್ನ ಮಾಡಲಿಲ್ಲ, ಕೆಳಗೆ ಹೋಗಿ ನಿಲ್ಲಿಸಿದಾಗ ಸುಟ್ಟ ವಾಸನೆಗೆ ಪಕ್ಕದ ವಡಾಪಾವ್ ಗಾಡಿಯವನು ತನ್ನ ಎಣ್ಣೆ ಬಾಣಲೆನೇ ಬಗ್ಗಿ ನೋಡಿದ. ಹಾಗೇ, ಇಕ್ಕಟ್ಟು ಘಾಟಿಯಲ್ಲಿ ಹತ್ತುತ್ತಿರೋ ಗಾಡಿಗೆ ಮೊದಲ ಹಕ್ಕು, ಇಳಿಯೋರು ನೀವಾದ್ರೆ ನಿಂತು ದಾರಿ ಬಿಡಿ.

ಯಾವುದು ತಗೋಬೇಕು ಅಂತ ಕೇಳಿದ್ರೆ: ಘಾಟಿಗೇ ಅಂತ ಹೋಗೋದಾದ್ರೆ, ಮಳೆ ಇಲ್ದಿದ್ರೆ, ಕೇಮನ್, ಬೇರೆ ಮಾತೇ ಇಲ್ಲ. ಎಕ್ಸ್‌ಪ್ರೆಸ್‌ವೇನಲ್ಲಿ ಸದ್ದು ಕೇಳ್ತಾ ಲೋನಾವಳಕ್ಕೆ ಹೋಗಿ ಚಿಕ್ಕಿ ತಗೊಂಡು ಬರೋಕೆ ಮಸ್ಟಾಂಗ್. ಟಿಟಿಗೆ ಟೈರ್ ಸರಿ ಇದ್ರೆ ಇನ್ನೊಂದು ಅವಕಾಶ ಕೊಡ್ತೀನಿ, ಅದಕ್ಕೆ ಅನ್ಯಾಯ ಆಗಿದೆ ಅನ್ನೋ ಗುಮಾನಿ ಇನ್ನೂ ಹೋಗಿಲ್ಲ. ಯಾವುದೇ ತಗೊಂಡ್ರೂ ನಂಬರ್ ಪ್ಲೇಟ್ ಕಪ್ಪಗಿದ್ದು ಅಕ್ಷರ ಹಳದಿ ಇರಲಿ, ಸೆಲ್ಫ್ ಡ್ರೈವ್ ಬಾಡಿಗೆಗೆ ಇರೋ ಪ್ಲೇಟ್ ಅದು. ಬಿಳಿ ಪ್ಲೇಟಿನ ಸ್ವಂತ ಕಾರನ್ನ ಕದ್ದುಮುಚ್ಚಿ ಬಾಡಿಗೆಗೆ ಕೊಟ್ಟಿದ್ದಾಗ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಮುಂದಿನ ಸಲ ಚೋರ್ಲಾ ಘಾಟಿ ಹತ್ತಿ ಬೆಳಗಾವಿಗೇ ಹೋಗೋಣ, ಕೇಮನ್ ತಗೊಂಡು ನಿಮ್ಮನೆ ಮುಂದೆ ನಿಲ್ಲಿಸೋಣ ಅಂತ ದೋಸ್ತಿಗೆ ಹೇಳಿದೆ. ಒಂದು ನಿಮಿಷ ಖುಷಿಯಾದ, ಆಮೇಲೆ ತಲೆ ಅಲ್ಲಾಡಿಸಿದ. "ಬ್ಯಾಡೋ ಮಾರಾಯಾ. ಆ ಕರೀ ಪ್ಲೇಟ್ ನೋಡಿದ್ರ ನಮ್ಮವ್ವ, ಐಟಿ ನೌಕರಿ ಬಿಟ್ಟು ಟ್ಯಾಕ್ಸಿ ಹೊಡ್ಯಾಕ ಹತ್ತಿ ಏನಪಾ ಅಂತಾಳ."